ಜಿಬಿಎಸ್ ಆದಮೇಲೆ ಜಾಸ್ತಿ ವ್ಯಾಯಾಮ ಮಾಡಿದರೆ ಬೇಗ ವಾಸಿಯಾಗುತ್ತಾ?

ಪ್ರಶ್ನೆ: ನನ್ನ ತಮ್ಮನಿಗೆ 31 ವರ್ಷ. ಮೂರೂವರೆ ತಿಂಗಳ ಹಿಂದೆ ವೈರಲ್ ಜ್ವರ ಬಂದು ಹೋಯಿತು. ಅದಾಗಿ ಹತ್ತು ಹನ್ನೆರಡು ದಿನಕ್ಕೆ ಪಾದ ಜುಮ್ಮೆನ್ನಲು ಶುರುವಾಗಿ, ನಾಲ್ಕೇ ದಿನದಲ್ಲಿ ಎದ್ದು ನಿಲ್ಲಲೂ ಆಗದಂತಾಯಿತು. ಗಿಲ್ಲನ್-ಬಾರೆ ಸಿಂಡ್ರೋಮ್, ಅಂದರೆ ಜಿಬಿಎಸ್ ಎಂದರು. ಐದು ದಿನ ಐವಿಐಜಿ, ಅಂದರೆ ರಕ್ತನಾಳದ ಮೂಲಕ ಪ್ರತಿಕಾಯಗಳನ್ನು ಹನಿಸುವ ಚಿಕಿತ್ಸೆ ಕೊಟ್ಟರು. ವೆಂಟಿಲೇಟರ್ ಬೇಕಾಗಲಿಲ್ಲ. ಈಗ ಮನೆಯಲ್ಲಿದ್ದಾನೆ. ವಾಕರ್ ಹಿಡಿದು ನಡೆಯುತ್ತಾನೆ, ಆದರೆ ಪಾದ ಮೇಲಕ್ಕೆ ಎತ್ತಲು ಬರುವುದಿಲ್ಲ, ಎಡವುತ್ತಾನೆ. ಬೇಗ ಸರಿಹೋಗಲಿ ಎಂದು ದಿನಕ್ಕೆ ಮೂರು ಸಲ, ಕಾಲಿಗೆ ತೂಕ ಕಟ್ಟಿ ವ್ಯಾಯಾಮ ಮಾಡಿಸುತ್ತಿದ್ದೇವೆ. ಎರಡು ದಿನ ಚೆನ್ನಾಗಿ ಮಾಡುತ್ತಾನೆ, ಮೂರನೇ ದಿನ ಹಾಸಿಗೆಯಿಂದ ಏಳುವುದೇ ಇಲ್ಲ. ಅಪ್ಪ ಇದು ಸೋಮಾರಿತನ, ಬಿಡಬಾರದು ಅನ್ನುತ್ತಾರೆ. ಜಾಸ್ತಿ ಮಾಡಿಸಬೇಕಾ, ಕಡಿಮೆ ಮಾಡಬೇಕಾ? ಕರೆಂಟ್ ಕೊಡಿಸಿದರೆ ಪ್ರಯೋಜನವಿದೆಯಾ? ಇನ್ನೂ ಎಷ್ಟು ದಿನ?

ಉತ್ತರ: ಮೊದಲು ಕಾಲಿಗೆ ಕಟ್ಟಿರುವ ತೂಕ ಬಿಚ್ಚಿಡಿ. ಇವತ್ತೇ. ಉಳಿದದ್ದನ್ನು ಆಮೇಲೆ ಮಾತಾಡೋಣ.

ನಿಮ್ಮ ತಮ್ಮ ಸೋಮಾರಿಯಲ್ಲ. ಸೋಮಾರಿಯಾಗಿದ್ದರೆ ಮೊದಲ ಎರಡು ದಿನವೂ ಮಾಡುತ್ತಿರಲಿಲ್ಲ, ಅಲ್ವಾ? ಎರಡು ದಿನ ಶಕ್ತಿ ಮೀರಿ ಮಾಡುತ್ತಾರೆ, ಮೂರನೇ ದಿನ ನೆಲ ಕಚ್ಚುತ್ತಾರೆ. ಜಿಬಿಎಸ್ ಆದವರಲ್ಲಿ ನಾವು ತುಂಬಾ ನೋಡುವ ಚಿತ್ರ ಇದು. ಅದನ್ನು ಸ್ವಭಾವದ ದೋಷ ಎಂದು ತಿಳಿಯಬೇಡಿ, ಪ್ರಮಾಣ ಜಾಸ್ತಿಯಾಯಿತು ಎಂದು ತಿಳಿಯಿರಿ. ಔಷಧಿಗೆ ಡೋಸ್ ಇರುವ ಹಾಗೆಯೇ ವ್ಯಾಯಾಮಕ್ಕೂ ಇದೆ.

ಒಳಗೆ ಆಗಿರುವುದು ಏನು ಅಂತ ಗೊತ್ತಾದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಜ್ವರ ತಂದ ವೈರಸ್ ನರಗಳನ್ನು ನೇರವಾಗಿ ಕಚ್ಚಿಲ್ಲ. ಸೋಂಕಿನ ವಿರುದ್ಧ ಎದ್ದ ರೋಗನಿರೋಧಕ ಶಕ್ತಿ ದಾರಿತಪ್ಪಿ, ಬೆನ್ನುಹುರಿಯಿಂದ ಕೈಕಾಲಿಗೆ ಹೋಗುವ ನರಗಳ ಮೇಲೆ ಬಿದ್ದಿದೆ. ಜಿಬಿಎಸ್ ಆದವರಲ್ಲಿ ಸುಮಾರು ಮೂರನೇ ಎರಡು ಭಾಗ ಜನ ಅದಕ್ಕೆ ಕೆಲವು ವಾರ ಮೊದಲು ಜ್ವರ, ನೆಗಡಿ ಅಥವಾ ಭೇದಿ ಆಗಿತ್ತು ಎನ್ನುತ್ತಾರೆ. ನರವನ್ನು ಒಂದು ಕರೆಂಟ್ ವೈರ್ ಎಂದುಕೊಳ್ಳಿ. ಒಳಗೆ ತಂತಿ, ಹೊರಗೆ ಪ್ಲಾಸ್ಟಿಕ್ ಹೊದಿಕೆ. ಕೆಲವರಲ್ಲಿ ಹೊದಿಕೆಗೆ ಮಾತ್ರ ಏಟು ಬೀಳುತ್ತದೆ. ಅದು ವಾರಗಳಲ್ಲಿ, ಕೆಲವು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಇನ್ನು ಕೆಲವರಲ್ಲಿ ಒಳಗಿನ ತಂತಿಯೇ ತುಂಡಾಗಿರುತ್ತದೆ. ಅದು ಬೆಳೆಯುವ ವೇಗ ದಿನಕ್ಕೆ ಸುಮಾರು 1 ಮಿಲಿಮೀಟರ್. ಸೊಂಟದಿಂದ ಪಾದಕ್ಕೆ ಹೆಚ್ಚುಕಡಿಮೆ ಒಂದು ಮೀಟರ್ ದಾರಿ. ತುಂಡಾಗಿರುವುದು ತುದಿಯಲ್ಲೋ ಬುಡದಲ್ಲೋ ಎನ್ನುವುದರ ಮೇಲೆ ಕಾಯುವ ಕಾಲ ತಿಂಗಳುಗಳೂ ಆಗಬಹುದು, ವರ್ಷಗಳೂ ಆಗಬಹುದು. ತೊಡೆ ಮೊದಲು ಬಲವಾಗಿ ಪಾದ ಕೊನೆಗೆ ಉಳಿಯುವುದು ಅದಕ್ಕೇ.

ಆಸ್ಪತ್ರೆಯಲ್ಲಿ ನರದ ಪರೀಕ್ಷೆ, ಅಂದರೆ ನರ್ವ್ ಕಂಡಕ್ಷನ್ ಟೆಸ್ಟ್ ಮಾಡಿಸಿರುತ್ತಾರೆ. ಆ ರಿಪೋರ್ಟ್ ಹುಡುಕಿ ತೆಗೆದು ನಿಮ್ಮ ಫಿಸಿಯೋಥೆರಪಿಸ್ಟ್‌ಗೆ ತೋರಿಸಿ. ಹಾನಿ ಹೊದಿಕೆಗೋ ತಂತಿಗೋ ಎಂದು ನರರೋಗ ತಜ್ಞರನ್ನು ಕೇಳಿ. ಬಹಳ ಮನೆಗಳಲ್ಲಿ ಆ ರಿಪೋರ್ಟ್ ಫೈಲಿನಲ್ಲೇ ಉಳಿದುಬಿಡುತ್ತದೆ, ವ್ಯಾಯಾಮ ಮಾತ್ರ ಎಲ್ಲರಿಗೂ ಒಂದೇ ಥರ ನಡೆಯುತ್ತದೆ.

ಈಗ ತೂಕ ಯಾಕೆ ಬೇಡ ಅಂದೆ ಎನ್ನುವುದಕ್ಕೆ ಬರೋಣ. ಒಂದು ಸ್ನಾಯುವಿಗೆ ಹೋಗುವ ನರದ ಎಳೆಗಳಲ್ಲಿ ಅರ್ಧದಷ್ಟು ಸತ್ತರೆ, ಉಳಿದ ಎಳೆಗಳು ಪಕ್ಕಕ್ಕೆ ಕವಲೊಡೆದು ಅನಾಥವಾದ ಸ್ನಾಯು ತಂತುಗಳನ್ನೂ ತಾವೇ ನೋಡಿಕೊಳ್ಳಲು ಶುರುಮಾಡುತ್ತವೆ. ಶಕ್ತಿ ಮರಳುವುದರಲ್ಲಿ ಈ ಏರ್ಪಾಡಿನದು ದೊಡ್ಡ ಪಾಲು. ಆದರೆ ಆ ಎಳೆಗಳು ಆಗಲೇ ತಮ್ಮ ಪಾಲಿಗಿಂತ ಜಾಸ್ತಿ ಹೊತ್ತಿವೆ. ಅವುಗಳ ಮೇಲೆ ಇನ್ನಷ್ಟು ಹೇರಿದರೆ ಸ್ನಾಯು ಬಲವಾಗುವ ಬದಲು ಇನ್ನೂ ಸೋಲುತ್ತದೆ. 1950ರ ದಶಕದಲ್ಲಿ ಪೋಲಿಯೋ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ ವೈದ್ಯರು ಇದನ್ನು ಗಮನಿಸಿ ಬರೆದಿಟ್ಟರು. ಆಮೇಲೆ ಇಲಿಗಳ ಮೇಲೆ ನಡೆದ ಪ್ರಯೋಗಗಳಲ್ಲೂ, ನರ ಇನ್ನೂ ಮರಳುತ್ತಿರುವ ಹೊತ್ತಿನಲ್ಲಿ ವಿಪರೀತ ದುಡಿಸಿದ ಸ್ನಾಯು ಸೊರಗಿದ್ದು ಕಂಡಿತು. ಹಾಗಂತ ಮಲಗಿಸಿಬಿಡಿ ಅಂತ ನಾನು ಹೇಳುತ್ತಿಲ್ಲ. ಮಲಗಿದರೆ ಇರುವ ಸ್ನಾಯುವೂ ಕರಗುತ್ತದೆ, ಕೀಲು ಬಿಗಿಯುತ್ತದೆ. ಚಲನೆ ಬೇಕು, ದಿನಾ ಬೇಕು. ಪ್ರತಿಸಲವೂ ಕೈ ಸೋಲುವವರೆಗೆ, ಕಾಲು ನಡುಗುವವರೆಗೆ ಮಾಡುವುದು ಮಾತ್ರ ಬೇಡ.

ಎಷ್ಟು ಮಾಡಿದರೆ ಸರಿ? ನಾನು ನನ್ನ ರೋಗಿಗಳಿಗೆ ಕೊಡುವ ಅಳತೆ ಸರಳ: ಮಾರನೇ ದಿನ ಬೆಳಗ್ಗೆ ನೋಡಿ. ನಿನ್ನೆ ಸಲೀಸಾಗಿ ಆಗುತ್ತಿದ್ದ ಕೆಲಸ ಇವತ್ತು ಕಷ್ಟವಾಯಿತಾ? ಕುರ್ಚಿಯಿಂದ ಏಳಲು ನಿನ್ನೆಗಿಂತ ಜಾಸ್ತಿ ಒದ್ದಾಡಿದರಾ? ಹೌದಾದರೆ ನಿನ್ನೆ ಮಾಡಿದ್ದು ಜಾಸ್ತಿಯಾಗಿತ್ತು. ಇವತ್ತು ಹಗುರವಾಗಿ ಕೈಕಾಲು ಆಡಿಸಿ ಸಾಕು, ನಾಳೆ ನಿನ್ನೆಯ ಅರ್ಧದಿಂದ ಶುರುಮಾಡಿ. ವ್ಯಾಯಾಮ ಮಾಡಿದ ಮೇಲೆ ಸ್ವಲ್ಪ ದಣಿವು ಸಹಜ, ಅರ್ಧ ಗಂಟೆ ಒಂದು ಗಂಟೆಯಲ್ಲಿ ಇಳಿಯಬೇಕು. ಸಂಜೆವರೆಗೂ ಉಳಿದರೆ ಲೆಕ್ಕ ತಪ್ಪಿದೆ.

ಮಾಡುವಾಗಲೇ ಗೊತ್ತಾಗುವ ಗುರುತುಗಳೂ ಇವೆ. ಪಾದ ನೆಲಕ್ಕೆ ತಾಗದಷ್ಟು ಎತ್ತರದ ಕುರ್ಚಿಯ ಮೇಲೆ ಅವರನ್ನು ಕೂರಿಸಿ, ಮಂಡಿ ನೇರ ಮಾಡಿ ಕಾಲು ಚಾಚಲು ಹೇಳಿ. ಅವರ ಕಾಲನ್ನಷ್ಟೇ ನೋಡಬೇಡಿ, ಬೆನ್ನು ನೋಡಿ. ಮೊದಲ ನಾಲ್ಕೈದು ಸಲ ಬೆನ್ನು ನೆಟ್ಟಗಿರುತ್ತದೆ. ಆಮೇಲೆ ಮೆಲ್ಲನೆ ಮೈ ಹಿಂದಕ್ಕೆ ವಾಲುತ್ತದೆ, ಕೈ ಕುರ್ಚಿಯ ಅಂಚು ಹಿಡಿಯುತ್ತದೆ, ಮಂಡಿಯ ಕೊನೆಯ ಒಂದಿಷ್ಟು ಪೂರ್ತಿ ನೇರ ಆಗುವುದೇ ಇಲ್ಲ. ತೊಡೆಯ ಸ್ನಾಯು ಸೋತಿದೆ, ಉಳಿದ ಮೈ ಅದರ ಕೆಲಸ ಮಾಡಿಕೊಡುತ್ತಿದೆ ಅಂತ ಅರ್ಥ. ಅಲ್ಲಿಗೇ ನಿಲ್ಲಿಸಿ. ಹತ್ತು ಮಾಡಬೇಕಂತ ಚೀಟಿಯಲ್ಲಿ ಬರೆದಿದ್ದರೂ ಆರಕ್ಕೇ ನಿಲ್ಲಿಸಿ. ಮೋಸದ ಹತ್ತಕ್ಕಿಂತ ಸರಿಯಾದ ಆರು ವಾಸಿ.

ನಡೆಯುವಾಗ ಕಿವಿಗೊಟ್ಟು ಕೇಳಿ. ಪಾದ ಎತ್ತಲು ಬಾರದವರ ನಡಿಗೆಗೆ ಒಂದು ಸದ್ದಿರುತ್ತದೆ. ಹಿಮ್ಮಡಿ ಊರಿದ ಕೂಡಲೇ ಮುಂಗಾಲು ನೆಲಕ್ಕೆ ಟಪ್ ಎಂದು ಬೀಳುತ್ತದೆ. ನಡಿಗೆ ಶುರುವಾದಾಗ ಸದ್ದು ಸಣ್ಣದು, ದಣಿದಂತೆಲ್ಲ ದೊಡ್ಡದು. ಆ ಟಪ್ ಜೋರಾಗಲು ಶುರುವಾದಾಗ ಕೂರಿಸಿ. ಕಾಲು ಊರಿದಾಗ ಮಂಡಿ ಹಿಂದಕ್ಕೆ ಬಿಲ್ಲಿನಂತೆ ಬಾಗಿದರೂ ಅಷ್ಟೇ. ತೊಡೆಗೆ ಬಲ ಸಾಲದೆ ಅವರು ಮಂಡಿಯನ್ನು ಲಾಕ್ ಮಾಡಿ ಅದರ ಮೇಲೆ ನಿಲ್ಲುತ್ತಿದ್ದಾರೆ. ತಿಂಗಳುಗಟ್ಟಲೆ ಹಾಗೇ ನಡೆದರೆ ಮಂಡಿಯ ಹಿಂದಿನ ಕಟ್ಟುಗಳು ಸಡಿಲವಾಗಿ, ಶಕ್ತಿ ಬಂದ ಮೇಲೂ ಮಂಡಿನೋವು ಉಳಿಯುತ್ತದೆ.

ಇನ್ನು ತೂಕ ಯಾವಾಗ ಅಂದರೆ, ನಾವು ಸ್ನಾಯುವಿನ ಬಲವನ್ನು 0ರಿಂದ 5ರವರೆಗೆ ಅಳೆಯುತ್ತೇವೆ. 0 ಅಂದರೆ ಏನೂ ಇಲ್ಲ. 1 ಅಂದರೆ ಮುಟ್ಟಿದರೆ ಸ್ನಾಯು ಮಿಡಿದದ್ದು ತಿಳಿಯುತ್ತದೆ, ಕೀಲು ಅಲ್ಲಾಡುವುದಿಲ್ಲ. 2 ಅಂದರೆ ಹಾಸಿಗೆಯ ಮೇಲೆ ಜಾರಿಸಬಹುದು, ಎತ್ತಲು ಬರುವುದಿಲ್ಲ. 3 ಅಂದರೆ ತನ್ನ ಭಾರವನ್ನು ತಾನೇ ಎತ್ತಬಲ್ಲದು. 4ಕ್ಕೆ ಸ್ವಲ್ಪ ಎದುರು ಒತ್ತಡ ತಡೆದುಕೊಳ್ಳುತ್ತದೆ. 5 ಮಾಮೂಲು. 3 ಪೂರ್ತಿಯಾಗಿ, ಅದನ್ನೇ ಎಂಟು ಹತ್ತು ಸಲ ಸರಾಗವಾಗಿ ಮಾಡುವವರೆಗೆ ತೂಕವಿಲ್ಲ, ರಬ್ಬರ್ ಬ್ಯಾಂಡ್ ಇಲ್ಲ. ಕಾಲಿನ ಭಾರವೇ ಅದಕ್ಕೆ ಸಾಕಷ್ಟು ತೂಕ. 2ರಲ್ಲಿರುವ ಸ್ನಾಯುವಿಗೆ ಪಕ್ಕಕ್ಕೆ ಮಲಗಿಸಿ, ಕಾಲಿಗೆ ಕೆಳಗಿನಿಂದ ಆಸರೆ ಕೊಟ್ಟು ಮಾಡಿಸಬೇಕು. ಇದು ಇಡೀ ಕಾಲಿಗೆ ಒಂದೇ ಅಂಕಿ ಅಲ್ಲ ಅನ್ನುವುದು ಮುಖ್ಯ. ನಿಮ್ಮ ತಮ್ಮನಿಗೆ ಸೊಂಟದಲ್ಲಿ 4 ಇರಬಹುದು, ತೊಡೆಯಲ್ಲಿ 3, ಪಾದದಲ್ಲಿ 1. ಒಂದೊಂದಕ್ಕೂ ಬೇರೆ ಬೇರೆ ವ್ಯಾಯಾಮ. ಪಾದದ ಹತ್ತಿರ ತೂಕ ಕಟ್ಟಿದರೆ ಹೊರಗಿನಿಂದ ಕಾಲು ಎದ್ದ ಹಾಗೆ ಕಾಣುತ್ತದೆ, ಆದರೆ ದುಡಿಯುತ್ತಿರುವುದು ಆಗಲೇ ಬಲವಾಗಿರುವ ಸೊಂಟ.

ಮೂರು ದೊಡ್ಡ ಸುತ್ತಿನ ಬದಲು ದಿನದಲ್ಲಿ ನಾಲ್ಕೈದು ಚಿಕ್ಕ ಸುತ್ತು ಮಾಡಿಸಿ, ಹತ್ತು ನಿಮಿಷದವು. ನಡುವೆ ನಿಜವಾದ ವಿಶ್ರಾಂತಿ ಇರಲಿ. ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಬಚ್ಚಲಿಗೆ ಹೋಗಿ ಬರುವುದು ಕೂಡ ವ್ಯಾಯಾಮವೇ, ಅದನ್ನೂ ಲೆಕ್ಕಕ್ಕೆ ಸೇರಿಸಿ. ಮನೆಯವರು ಇದನ್ನು ಮರೆಯುತ್ತಾರೆ. ಸ್ನಾನ ಮುಗಿಸಿ ಸುಸ್ತಾಗಿ ಬಂದವರನ್ನು ಹಿಡಿದು ಈಗ ವ್ಯಾಯಾಮ ಮಾಡು ಅಂದರೆ ಹೇಗೆ?

ಪಾದದ ವಿಷಯ ವಿವರವಾಗಿ ಹೇಳಬೇಕು, ಯಾಕೆಂದರೆ ನಿಮ್ಮ ಪ್ರಶ್ನೆಯಲ್ಲಿ ನನಗೆ ಹೆಚ್ಚು ಚಿಂತೆ ತಂದದ್ದು ಅದು. ಪಾದ ಎತ್ತುವ ಸ್ನಾಯು ಕೆಲಸ ಮಾಡದಿದ್ದಾಗ ಪಾದ ಕೆಳಮುಖವಾಗಿ ಜೋತಿರುತ್ತದೆ. ಹಾಗೇ ಬಿಟ್ಟರೆ ಹಿಮ್ಮಡಿಯ ಹಿಂದಿನ ನರ ಎಂದು ಜನ ಕರೆಯುವ ಆ ಗಟ್ಟಿ ಸ್ನಾಯುರಜ್ಜು ಗಿಡ್ಡವಾಗುತ್ತಾ ಬರುತ್ತದೆ. ಮುಂದೊಂದು ದಿನ ನರ ಬೆಳೆದು ಬಂದು ಸ್ನಾಯುವಿಗೆ ಜೀವ ಬಂದರೂ ಪಾದ ಮೇಲೇಳದು, ಕೀಲೇ ಬಿಗಿದಿರುತ್ತದೆ. ನರದ ವೇಗ ನಮ್ಮ ಕೈಯಲ್ಲಿಲ್ಲ. ಕೀಲನ್ನು ಸಡಿಲವಾಗಿ ಇಟ್ಟುಕೊಳ್ಳುವುದು ಪೂರ್ತಿ ನಮ್ಮ ಕೈಯಲ್ಲಿದೆ. ಈ ಹಂತದಲ್ಲಿ ಫಿಸಿಯೋಥೆರಪಿಯ ದೊಡ್ಡ ಕೆಲಸ ಇದೇ ಅಂತ ನನ್ನ ಅಭಿಪ್ರಾಯ.

ಮಾಡುವುದು ಹೀಗೆ. ಅವರು ಬೆನ್ನ ಮೇಲೆ ಮಲಗಿರಲಿ, ಮಂಡಿ ನೇರ. ನಿಮ್ಮ ಅಂಗೈಯಲ್ಲಿ ಅವರ ಹಿಮ್ಮಡಿಯನ್ನು ಬಟ್ಟಲಿನಂತೆ ಹಿಡಿಯಿರಿ, ನಿಮ್ಮ ಮುಂಗೈ ಅವರ ಅಂಗಾಲಿಗೆ ಉದ್ದಕ್ಕೂ ತಾಗಿರಲಿ. ಹಿಮ್ಮಡಿಯನ್ನು ನಿಮ್ಮ ಕಡೆಗೆ ಎಳೆಯುತ್ತಾ, ಮುಂಗೈಯಿಂದ ಅಂಗಾಲನ್ನು ಅವರ ಮುಖದ ಕಡೆಗೆ ನಿಧಾನವಾಗಿ ಒತ್ತಿ. ಮೀನಖಂಡದಲ್ಲಿ ಎಳೆತ ಅನ್ನಿಸಿದ ಕಡೆ 30 ಸೆಕೆಂಡ್ ನಿಲ್ಲಿಸಿ. ನಾಲ್ಕೈದು ಸಲ, ಬೆಳಗ್ಗೆ ಸಂಜೆ. ಬರೀ ಬೆರಳು ಹಿಡಿದು ಹಿಂದಕ್ಕೆ ಬಗ್ಗಿಸಬೇಡಿ, ಅದರಿಂದ ಪಾದದ ನಡುಭಾಗ ಬಾಗುತ್ತದೆಯೇ ಹೊರತು ಹಿಮ್ಮಡಿಗೆ ಏನೂ ಆಗುವುದಿಲ್ಲ. ಜರ್ಕ್ ಬೇಡ. ನೋವು ಬಂದರೆ ಸ್ವಲ್ಪ ಸಡಿಲಿಸಿ.

ಜೊತೆಗೆ ಎಎಫ್‌ಒ ಎನ್ನುವ ತೆಳು ಪ್ಲಾಸ್ಟಿಕ್ ಸ್ಪ್ಲಿಂಟ್ ಮಾಡಿಸಿ. ಮೀನಖಂಡದ ಹಿಂದಿನಿಂದ ಬಂದು ಅಂಗಾಲಿನ ಕೆಳಗೆ ಹೋಗಿ ಪಾದವನ್ನು ಲಂಬ ಕೋನದಲ್ಲಿ ಹಿಡಿದಿಡುತ್ತದೆ, ಶೂ ಒಳಗೆ ಕೂರುತ್ತದೆ. ಇದನ್ನು ಹಾಕಿದರೆ ಕಾಲು ಅದಕ್ಕೇ ಒಗ್ಗಿಬಿಡುತ್ತದೆ, ಶಕ್ತಿ ಬರುವುದಿಲ್ಲ ಎಂದು ಬಹಳ ಜನ ಬೇಡ ಅನ್ನುತ್ತಾರೆ. ಹಾಗಾಗುವುದಿಲ್ಲ. ನರ ಬೆಳೆಯುವುದು ಸ್ಪ್ಲಿಂಟ್ ಕೇಳಿಕೊಂಡಲ್ಲ. ಎಡವಿ ಬಿದ್ದು ಮೂಳೆ ಮುರಿದುಕೊಂಡರೆ ಮಾತ್ರ ಆರು ವಾರ ಹಿಂದಕ್ಕೆ ಹೋಗುತ್ತೀರಿ. ಶಕ್ತಿ ಬಂದ ಮೇಲೆ ಬಿಚ್ಚಿದರಾಯಿತು. ಆದರೆ ಹೊಸದರಲ್ಲಿ ಪ್ರತಿಸಲ ಬಿಚ್ಚಿದಾಗಲೂ ಚರ್ಮ ನೋಡಿ. ಕೆಂಪು ಗುರುತು ಅರ್ಧ ಗಂಟೆಯಾದರೂ ಹೋಗದಿದ್ದರೆ ಮಾಡಿಕೊಟ್ಟವರ ಹತ್ತಿರ ಹೋಗಿ ಸರಿಮಾಡಿಸಿ. ಅವರ ಪಾದಕ್ಕೆ ಸ್ಪರ್ಶ ಕಡಿಮೆ ಇದ್ದರೆ ಒತ್ತುತ್ತಿರುವುದು ಅವರಿಗೇ ತಿಳಿಯುವುದಿಲ್ಲ. ಇದೇ ಕಾರಣಕ್ಕೆ ಬಿಸಿನೀರಿನ ಚೀಲ, ಬಿಸಿ ಶಾಖ ಪಾದಕ್ಕೆ ಬೇಡವೇ ಬೇಡ. ಸ್ನಾನದ ನೀರನ್ನು ಬೇರೆಯವರು ಮುಟ್ಟಿ ನೋಡಲಿ.

ಕೈಯ ಬಗ್ಗೆ ನೀವು ಬರೆದಿಲ್ಲ. ಬೆರಳು ಪೂರ್ತಿ ಬಿಚ್ಚುತ್ತದೆಯಾ, ಗುಂಡಿ ಹಾಕಿಕೊಳ್ಳಲು ಬರುತ್ತದೆಯಾ ಎಂದು ಒಮ್ಮೆ ನೋಡಿ. ಇಲ್ಲವಾದರೆ ದಿನನಿತ್ಯದ ಕೆಲಸಗಳನ್ನು ಮತ್ತೆ ಕಲಿಸುವ ಆಕ್ಯುಪೇಶನಲ್ ಥೆರಪಿಸ್ಟ್ ಹತ್ತಿರ ತೋರಿಸಿ.

ಕರೆಂಟ್ ವಿಷಯಕ್ಕೆ ಬರೋಣ. ಪ್ರಾಮಾಣಿಕವಾಗಿ ಹೇಳಬೇಕೆಂದರೆ, ಕರೆಂಟ್ ಕೊಡುವುದರಿಂದ ಜಿಬಿಎಸ್‌ನಲ್ಲಿ ನರ ಬೇಗ ಬೆಳೆಯುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಮನೆಯಲ್ಲಿ ಬಳಸುವ ಚಿಕ್ಕ ಟೆನ್ಸ್ ಮಷಿನ್ ನೋವಿಗೆ ಇರುವುದು, ಸ್ನಾಯುವಿಗೆ ಶಕ್ತಿ ತುಂಬುವುದಕ್ಕಲ್ಲ. ನರದ ಸಂಪರ್ಕವೇ ಕಡಿದಿರುವ ಸ್ನಾಯುವನ್ನು ಕುಣಿಸಲು ಬೇರೆ ರೀತಿಯ, ಹೆಚ್ಚು ಹೊತ್ತಿನ ಮಿಡಿತ ಬೇಕು. ಸ್ಪರ್ಶವಿಲ್ಲದ ಚರ್ಮದಲ್ಲಿ ಅದು ಸುಡಲೂಬಹುದು. ಕೆಲವು ಸಲ ನಾವು ಬಳಸುತ್ತೇವೆ, ಆದರೆ ಕರೆಂಟ್ ಕೊಡಿಸಿದೆವು ಎಂಬ ಸಮಾಧಾನದಲ್ಲಿ ಹಿಮ್ಮಡಿ ಎಳೆಯುವುದನ್ನು ಬಿಟ್ಟರೆ ನಷ್ಟವೇ. ವಿಟಮಿನ್ ಇಂಜೆಕ್ಷನ್ ಕೂಡ ಹಾಗೆಯೇ. ರಕ್ತದಲ್ಲಿ ಕೊರತೆ ಇದ್ದರೆ ಕೊಡಲಿ, ಸುಮ್ನೆ ಚುಚ್ಚಿಸಬೇಡಿ.

ಸುಸ್ತಿನ ಬಗ್ಗೆ ನಿಮ್ಮ ತಂದೆಯವರಿಗೆ ಒಂದು ಮಾತು. ಜಿಬಿಎಸ್ ಆದವರಲ್ಲಿ ಹತ್ತಕ್ಕೆ ಆರರಿಂದ ಎಂಟು ಜನರಿಗೆ ತೀವ್ರ ಆಯಾಸ ಕಾಡುತ್ತದೆ. ಕೈಕಾಲಿನ ಬಲ ಪೂರ್ತಿ ಮರಳಿದವರಿಗೂ ಅದು ಉಳಿಯುತ್ತದೆ, ಕೆಲವರಿಗೆ ವರ್ಷಗಟ್ಟಲೆ. ನೋಡುವವರಿಗೆ ಆಳು ಚೆನ್ನಾಗಿಯೇ ಕಾಣುತ್ತಾನೆ, ಅದೇ ತೊಂದರೆ. ಒಳ್ಳೆಯ ಸುದ್ದಿ ಏನೆಂದರೆ ಈ ಆಯಾಸಕ್ಕೆ ಮದ್ದು ಸಹ ವ್ಯಾಯಾಮವೇ, ಆದರೆ ಸರಿಯಾದ ಹೊತ್ತಿನಲ್ಲಿ. ನೆದರ್ಲೆಂಡ್ಸ್‌ನಲ್ಲಿ ಚೇತರಿಸಿಕೊಂಡ ರೋಗಿಗಳಿಗೆ 12 ವಾರ, ವಾರಕ್ಕೆ ಮೂರು ದಿನ, ನಿಂತಲ್ಲೇ ತುಳಿಯುವ ಸೈಕಲ್ ಮೇಲೆ ಮೇಲ್ವಿಚಾರಣೆಯಲ್ಲಿ ತರಬೇತಿ ಕೊಟ್ಟರು. 2004ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಆಯಾಸ ಕಡಿಮೆಯಾಗಿತ್ತು, ದೇಹದ ಕಸುವೂ ಹೆಚ್ಚಿತ್ತು. ಅವರು ರೋಗದ ಮೊದಲ ತಿಂಗಳುಗಳನ್ನು ದಾಟಿ ಸ್ಥಿರವಾಗಿದ್ದವರು ಎನ್ನುವುದನ್ನು ಮಾತ್ರ ಮರೆಯಬೇಡಿ. ನಿಮ್ಮ ತಮ್ಮ ವಾಕರ್ ಬಿಟ್ಟ ಮೇಲೆ ಅದರ ಸರದಿ.

ಎಷ್ಟು ದಿನ ಎಂದು ಕೇಳಿದ್ದೀರಿ. 1916ರಲ್ಲಿ ಗಿಲ್ಲನ್, ಬಾರೆ ಮತ್ತು ಸ್ಟ್ರೋಲ್ ಎಂಬ ಮೂವರು ಫ್ರೆಂಚ್ ವೈದ್ಯರು ಇಬ್ಬರು ಸೈನಿಕರಲ್ಲಿ ಈ ಕಾಯಿಲೆಯನ್ನು ವಿವರಿಸಿದಾಗ ಇಬ್ಬರೂ ಚೆನ್ನಾಗಿಯೇ ಚೇತರಿಸಿಕೊಂಡರು. ತಾನಾಗೇ ವಾಸಿಯಾಗುವ ಕಾಯಿಲೆ ಎಂಬ ಹೆಸರು ಇದಕ್ಕೆ ಬಹಳ ಕಾಲ ಅಂಟಿಕೊಂಡಿತ್ತು. ಅದು ಅರ್ಧ ನಿಜ. ಆರು ತಿಂಗಳ ಹೊತ್ತಿಗೆ ನೂರಕ್ಕೆ ಸುಮಾರು 80 ಜನ ಯಾರ ಆಸರೆಯೂ ಇಲ್ಲದೆ ನಡೆಯುತ್ತಾರೆ. ಆದರೆ ನಡೆಯುವುದು ಬೇರೆ, ಮೊದಲಿನಂತಾಗುವುದು ಬೇರೆ. ದೊಡ್ಡ ಸುಧಾರಣೆ ಮೊದಲ ವರ್ಷದಲ್ಲಿ ಕಾಣುತ್ತದೆ, ಆಮೇಲೆ ಎರಡು ಮೂರು ವರ್ಷ ನಿಧಾನವಾಗಿ ಮುಂದುವರಿಯುತ್ತದೆ. ನಿಮ್ಮ ತಮ್ಮನ ವಯಸ್ಸು ಚಿಕ್ಕದು, ವೆಂಟಿಲೇಟರ್ ಬೇಕಾಗಲಿಲ್ಲ, ಈಗಲೇ ವಾಕರ್‌ನಲ್ಲಿ ನಡೆಯುತ್ತಿದ್ದಾರೆ. ಮೂರೂ ಒಳ್ಳೆಯ ಲಕ್ಷಣ. ಪಾದದ ತುದಿಯಲ್ಲಿ ಒಂದಿಷ್ಟು ಜುಮ್ಮು, ಒಂದಿಷ್ಟು ಬಲಹೀನತೆ ಉಳಿದರೂ ಉಳಿಯಬಹುದು. ರಾತ್ರಿ ಪಾದ ಉರಿ, ಚುಚ್ಚಿದಂತಾಗುವುದು ಇದ್ದರೆ ಸಹಿಸಿಕೊಳ್ಳಬೇಕಿಲ್ಲ. ನರದ ನೋವಿಗೆ ಬೇರೆಯೇ ಮಾತ್ರೆಗಳಿವೆ, ವೈದ್ಯರಿಗೆ ಹೇಳಿ. ನಿದ್ದೆ ಬಾರದವರು ವ್ಯಾಯಾಮ ಹೇಗೆ ಮಾಡುತ್ತಾರೆ?

ಕೆಲವು ವಿಷಯಕ್ಕೆ ಮಾತ್ರ ಕಾಯಬೇಡಿ. ಜಾಸ್ತಿ ದುಡಿದ ಸುಸ್ತು ಒಂದೆರಡು ದಿನ ವಿಶ್ರಾಂತಿ ಕೊಟ್ಟರೆ ಇಳಿಯುತ್ತದೆ. ವಿಶ್ರಾಂತಿ ಕೊಟ್ಟರೂ ವಾರದಿಂದ ವಾರಕ್ಕೆ ಬಲ ಇಳಿಯುತ್ತಲೇ ಇದ್ದರೆ ಅದು ವ್ಯಾಯಾಮದ ತಪ್ಪಲ್ಲ. ಜಿಬಿಎಸ್ ಎಂದುಕೊಂಡವರಲ್ಲಿ ನೂರಕ್ಕೆ ಸುಮಾರು ಐದು ಜನರಿಗೆ ಅದು ಸಿಐಡಿಪಿ ಎಂಬ ದೀರ್ಘಕಾಲದ ಕಾಯಿಲೆಯಾಗಿರುತ್ತದೆ. ಎಂಟು ವಾರ ದಾಟಿದ ಮೇಲೂ ಬಲ ಕುಸಿಯುವುದು ಅದರ ಗುರುತು, ನೀವು ಆ ಗಡಿ ದಾಟಿದ್ದೀರಿ. ಜಿಬಿಎಸ್‌ಗೆ ಸ್ಟಿರಾಯ್ಡ್ ಉಪಯೋಗವಿಲ್ಲ, ಸಿಐಡಿಪಿಗೆ ಇದೆ. ಹಾಗಾಗಿ ಗುರುತಿಸುವುದು ಮುಖ್ಯ, ನರರೋಗ ತಜ್ಞರನ್ನು ಬೇಗ ನೋಡಿ. ನುಂಗಲು ಕಷ್ಟ, ಮಲಗಿದರೆ ಉಸಿರು ಸಾಲದು ಎನ್ನಿಸಿದರೆ, ಒಂದು ಮೀನಖಂಡ ಮಾತ್ರ ಊದಿ ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಎದೆನೋವು ಬಂದರೆ ಆಗಿಂದಾಗಲೇ ಆಸ್ಪತ್ರೆಗೆ ಹೋಗಿ. ಎದ್ದ ಕೂಡಲೇ ಕಣ್ಣು ಕತ್ತಲೆ ಬರುತ್ತಿದ್ದರೆ ಬಿಪಿ ಕೂತಾಗ ಒಮ್ಮೆ, ನಿಂತಾಗ ಒಮ್ಮೆ ನೋಡಿಸಿ. ಈ ಕಾಯಿಲೆಯಲ್ಲಿ ಬಿಪಿ ಹತೋಟಿಯಲ್ಲಿಡುವ ನರಗಳಿಗೂ ಪೆಟ್ಟು ಬೀಳುತ್ತದೆ.

ಇದೆಲ್ಲ ಜಿಬಿಎಸ್‌ಗೆ ಹೇಳಿದ್ದು. ವೈರಲ್ ಜ್ವರದ ನಂತರ ಮಿದುಳಿಗೆ ಊತ ಬಂದವರಿಗೆ, ಬೆನ್ನುಹುರಿಗೆ ಏಟು ಬಿದ್ದವರಿಗೆ ಕೈಕಾಲು ಸಡಿಲವಾಗುವ ಬದಲು ಬಿಗಿಯುವುದುಂಟು. ಅವರ ವ್ಯಾಯಾಮದ ಲೆಕ್ಕ ಪೂರ್ತಿ ಬೇರೆ. ನಿಮ್ಮ ಚೀಟಿಯನ್ನು ಇನ್ನೊಬ್ಬರಿಗೆ ಕೊಡಬೇಡಿ, ಅವರದ್ದನ್ನು ನೀವು ತರಬೇಡಿ.

ಮುಂದಿನ ಎರಡು ವಾರಕ್ಕೆ ಇಷ್ಟು ಮಾಡಿ: ತೂಕ ತೆಗೆಯಿರಿ, ವ್ಯಾಯಾಮ ಅರ್ಧಕ್ಕೆ ಇಳಿಸಿ, ಹಿಮ್ಮಡಿ ಎಳೆಯುವುದನ್ನು ತಪ್ಪಿಸಬೇಡಿ, ಸ್ಪ್ಲಿಂಟ್‌ಗೆ ಅಳತೆ ಕೊಡಿಸಿ. ಒಂದು ನೋಟ್‌ಬುಕ್ಕಿನಲ್ಲಿ ಪ್ರತಿದಿನ ಎಷ್ಟು ಸಲ ಕುರ್ಚಿಯಿಂದ ಎದ್ದರು, ಎಷ್ಟು ಹೊತ್ತು ನಡೆದರು, ಮಾರನೇ ಬೆಳಗ್ಗೆ ಹೇಗಿದ್ದರು ಎಂದು ಬರೆಯಿರಿ. ಕುಸಿಯುವ ಮೂರನೇ ದಿನ ಮಾಯವಾದರೆ, ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವೇ ಏರಿಸುತ್ತಾ ಹೋಗಿ. ಕಾರು, ಬೈಕ್ ಸದ್ಯಕ್ಕೆ ಬೇಡ. ಪೆಡಲ್ ಮೇಲೆ ಪಾದ ಎಲ್ಲಿದೆ ಎಂದು ನೋಡದೆ ಹೇಳುವಂತಾಗಬೇಕು, ಬ್ರೇಕ್ ಜೋರಾಗಿ ಒತ್ತುವಷ್ಟು ಬಲ ಬರಬೇಕು. ಅಷ್ಟಾದ ಮೇಲೆ ವೈದ್ಯರನ್ನು ಕೇಳಿಯೇ ಓಡಿಸಲಿ.